ಬಾನೆಟ್ಟಿನೊಳಗಿನ ಹೊಗೆಸೊಪ್ಪು

ನಮ್ಮ ಕಡೆ ಸಣ್ಣ ಕಾರು ಇಟ್ಟುಕೊಂಡವರು ಇಬ್ಬರು ಎದುರಾದರೆ ಮೊದಲು ಕೇಳುವುದು ಮೈಲೇಜ್ ಎಷ್ಟು ಕೊಡುತ್ತೆ ಅಂತ. ಎರಡನೆಯದು, ಇಲಿಗೆ ಏನು ಮಾಡಿದಿರಿ ಅಂತ. ಏಸಿ ಯಾಕೆ ತಣ್ಣಗಾಗಲ್ಲ, ಕ್ಲಚ್ ಪ್ಲೇಟ್ ಯಾವಾಗ ಹಾಕಿಸಬೇಕು, ಬ್ರೇಕ್ ಯಾಕೆ ಕಿರುಗುಟ್ಟುತ್ತೆ, ಇವೆಲ್ಲ ಆಮೇಲಿನ ಮಾತು. ಹುಣಸೂರು ತಾಲ್ಲೂಕಿನ ಹಳ್ಳಿಗಳಲ್ಲಿ ಕಾರಿಗೆಂದು ಬೇರೆ ಮನೆ ಕಟ್ಟಿಸುವವರು ಕಡಿಮೆ. ನಮ್ಮ ಮನೆಯಲ್ಲೇ ನೋಡಿ, ಒಂದು ಪಕ್ಕ ರಾಗಿ ಹುಲ್ಲಿನ ಮೆದೆ, ಇನ್ನೊಂದು ಪಕ್ಕ ದನದ ಕೊಟ್ಟಿಗೆ, ನಡುವೆ ಶೀಟಿನ ಕೆಳಗೆ ನನ್ನ ಬಿಳಿ ಕಾರು. ಇಲಿಗಳಿಗೆ ಇದಕ್ಕಿಂತ ಸುಖದ ಜಾಗ ಇನ್ನೆಲ್ಲಿ ಸಿಕ್ಕೀತು? ಹೊಟ್ಟೆ ತುಂಬ ತಿಂದು, ಬೆಚ್ಚಗಿನ ಇಂಜಿನ್ನಿನ ಮೇಲೆ ಮಲಗಿ, ಹಲ್ಲು ಕೆರೆದರೆ ನಾಲ್ಕು ವೈರು ಕಡಿಯುತ್ತಿದ್ದವು.

ನಾನು ಗಾವಡಗೆರೆ ಆಚೆಯ ಶಾಲೆಯೊಂದರಲ್ಲಿ ಟೀಚರು. ಒಂದು ಬೆಳಿಗ್ಗೆ ಶಾಲೆಗೆ ಹೊರಟು ಕೀ ತಿರುಗಿಸಿದರೆ ಕಾರು ತುಟಿ ಪಿಟಕ್ಕೆನ್ನಲಿಲ್ಲ. ಹುಣಸೂರಿನಿಂದ ಮೆಕ್ಯಾನಿಕ್ ಬಂದರು. ಅವರನ್ನು ಊರಿಗೆ ಊರೇ ಭಾಯಿ ಅನ್ನುತ್ತದೆ, ನಾನೂ ಹಾಗೇ ಅನ್ನುತ್ತೇನೆ. ಬಾನೆಟ್ ಎತ್ತಿದವರೇ ನಗಲಿಕ್ಕೆ ಶುರುಮಾಡಿದರು. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೆಳಗಿನ ಸಂದಿಯಲ್ಲಿ, ರಾಗಿ ಹುಲ್ಲು, ಅವರೆಕಾಯಿ ಸಿಪ್ಪೆ, ನನ್ನದೇ ಕಳೆದುಹೋದ ಕಾಲುಚೀಲ ಎಲ್ಲ ಸೇರಿಸಿ ಇಲಿ ಸಂಸಾರ ಹೂಡಿತ್ತು.

"ಇದು ಗಾಡಿ ಅಲ್ಲ ಟೀಚರಮ್ಮ, ಇಲಿಗಳ ಲಾಡ್ಜು ಕಣ್ರೀ," ಅಂದರು ಭಾಯಿ. ಕಡಿದ ವೈರುಗಳಿಗೆಲ್ಲ ಟೇಪು ಸುತ್ತಿ, "ಔಷ್ದಿ ನಿಮ್ಮನೇಲೇ ಐತಲ್ಲ. ಇಲ್ಲಿ ಒಂದು ಹಿಡಿ ಹೊಗೆಸೊಪ್ಪು ಮಡಗಿ. ಯಾವ ಇಲಿ ಬತ್ತದೋ ನೋಡಾನ," ಅಂದರು.

ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ. ಈ ಮಾತು ನನ್ನ ಅತ್ತೆಯ ಕಿವಿಗೆ ಬಿದ್ದದ್ದೇ ತಡ, ಒಳಗೆ ಹೋಗಿ ಹದ ಮಾಡಿದ ಸೊಪ್ಪಿನ ಗಂಟು ಬಿಚ್ಚಿದರು. ಬಂಗಾರದ ಬಣ್ಣದ ಒಳ್ಳೊಳ್ಳೆಯ ಎಲೆಗಳನ್ನೇ ಆರಿಸತೊಡಗಿದರು. ಯಾವುದೋ ಪುಡಿ ಸೊಪ್ಪು ಸಾಕಲ್ಲವೇನವ್ವ ಅಂತ ನನ್ನ ಗಂಡ ಅಂದಿದ್ದಕ್ಕೆ, "ಪುಡಿ ಮಡಗಕ್ಕೆ ಅದೇನ್ ಕಸದ ಗಾಡಿಯೇನ್ಲಾ? ನನ್ ಸೊಸೆ ಓಡಾಡೋ ಗಾಡಿ," ಅಂದರು. ಆ ಸಂದಿಗೆ ತಾವೇ ಕೈಯಾರೆ ಸೊಪ್ಪು ತುರುಕಿದರು. ಅಲ್ಲಿಂದ ಮುಂದೆ ವಾರಕ್ಕೊಮ್ಮೆ ಬಾನೆಟ್ ಎತ್ತಿಸಿ ಹಳೆಯದು ತೆಗೆದು ಹೊಸದು ಇಡುವುದು ಅವರ ಕೆಲಸವಾಯಿತು. ಇಲಿಗಳು ನಿಜವಾಗಿಯೂ ಊರು ಬಿಟ್ಟವು. ಅತ್ತೆಗೆ ಅದೊಂದು ಹೆಮ್ಮೆ, ಬಂದವರಿಗೆಲ್ಲ ಹೇಳುತ್ತಿದ್ದರು.

ಇನ್ನು ನನ್ನ ಅವ್ವನ ಮಾತಿಗೆ ಬರುತ್ತೇನೆ. ನನ್ನ ತವರು ಕೆ.ಆರ್. ನಗರದ ಕಡೆ, ನಾಲೆ ನೀರಿನ ಭತ್ತದ ಸೀಮೆ. ಅವ್ವ ಅಲ್ಲಿ ನನ್ನ ತಮ್ಮನ ಜೊತೆ ಇದ್ದಾಳೆ. ಚಿಕ್ಕಂದಿನಲ್ಲಿ ಭತ್ತ ಕೊಯ್ಯುವಾಗ ಗರಿ ಚುಚ್ಚಿ ಅವಳ ಒಂದು ಕಣ್ಣು ಹೋಗಿತ್ತು. ಉಳಿದ ಒಂದೇ ಕಣ್ಣಲ್ಲಿ ಜೀವನ ಮಾಡಿದವಳು. ಈಗ ಆ ಕಣ್ಣಿಗೂ ಪೊರೆ ಬಂತು. ಮೈಸೂರಿನ ಡಾಕ್ಟರಿಗೆ ತೋರಿಸಲು ನನ್ನ ಕಾರಿನಲ್ಲೇ ಕರೆದುಕೊಂಡು ಹೋದೆ. ಮುಖ್ಯ ರಸ್ತೆ ಸೇರುವಷ್ಟರಲ್ಲೇ ಅವ್ವ ಬೆವತುಹೋದಳು, ಸ್ವಲ್ಪ ದೂರ ಹೋಗುವುದರಲ್ಲಿ ವಾಂತಿ. ಬರುವಾಗಲೂ ವಾಂತಿ. ಡಾಕ್ಟರು ಹೇಳಿದ್ದು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು: ಇರುವುದು ಒಂದೇ ಕಣ್ಣು, ಆಪರೇಷನ್ ಆದ ಮೇಲೆ ಕೆಮ್ಮು, ವಾಂತಿ, ತಿಣುಕುವುದು ಏನೂ ಆಗಕೂಡದು, ಕಣ್ಣಿಗೆ ಅಪಾಯ.

"ನಿನ್ ಕಾರು ಬ್ಯಾಡ ಬುಡವ್ವ, ನಾನು ಬಸ್ಸಲ್ಲೇ ಬತ್ತೀನಿ," ಅಂದಳು ಅವ್ವ. "ಎಂಗುಸ್ರಿಗೆ ಫ್ರೀ ಮಡ್ಗವ್ರೆ. ಆಧಾರ್ ತೋರ್ಸುದ್ರಾಯ್ತು."

ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಇನ್ನೊಂದು ಕಣ್ಣೂ ಇಲ್ಲದೆ, ಆ ಫ್ರೀ ಬಸ್ಸಿನ ನೂಕುನುಗ್ಗಲಿನಲ್ಲಿ ನನ್ನ ಅವ್ವ! ನೆನೆಸಿಕೊಂಡರೆ ನನಗೆ ಜೀವ ಬಾಯಿಗೆ ಬರುತ್ತಿತ್ತು. ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಅಷ್ಟರೊಳಗೆ ಕಾರು ಸರಿಮಾಡಿಸುತ್ತೇನೆ ಅಂತ ಹಟಕ್ಕೆ ಬಿದ್ದೆ.

ಕಾರಿಟ್ಟವರೆಲ್ಲ ಒಂದೊಂದು ಹೇಳಿದರು. ಹಿಂದಿನ ಶಾಕ್ ಅಬ್ಸಾರ್ಬರ್ ಸತ್ತುಹೋಗಿರುತ್ತೆ, ತೊಟ್ಟಿಲಿನ ಹಾಗೆ ತೂಗುತ್ತೆ, ಅದಕ್ಕೇ ವಾಂತಿ ಅಂದರು ಒಬ್ಬರು. ಹಾಕಿಸಿದೆ. ಟೈರಿಗೆ ಗಾಳಿ ಜಾಸ್ತಿ ಹಿಡಿಸಿದ್ದೀರಿ ಅಂದರು, ಇಳಿಸಿದೆ. ವೀಲ್ ಅಲೈನ್‌ಮೆಂಟ್ ಆಯಿತು, ಏಸಿ ಗ್ಯಾಸ್ ತುಂಬಿಸಿದ್ದಾಯಿತು. ಶಾಲೆಯ ಸಹೋದ್ಯೋಗಿಯೊಬ್ಬರು ಮಲ್ಲಿಗೆ ವಾಸನೆಯ ಡಬ್ಬಿ ಕೊಟ್ಟರು, ಅದನ್ನು ಏಸಿ ಕಿಂಡಿಗೆ ಸಿಗಿಸಿದೆ. ಅವ್ವನನ್ನು ಮತ್ತೆ ಕೂರಿಸಿಕೊಂಡು ಕೆ.ಆರ್. ನಗರದವರೆಗೆ ಹೋಗಿಬಂದರೆ, ಆ ಮಲ್ಲಿಗೆ ಸೇರಿ ಇನ್ನೂ ಬೇಗ ವಾಂತಿ. ನನ್ನ ಗಂಡ ನನ್ನ ಕ್ಲಚ್ ಕಾಲಿನ ಮೇಲೇ ತಪ್ಪು ಹೊರಿಸಿದ. ಆವತ್ತು ಅವನಿಗೆ ನಾನು ಬಡಿಸಲಿಲ್ಲ, ಬೇಕಾದರೆ ಹಾಕಿಕೊಳ್ಳಲಿ ಅಂತ ಬಿಟ್ಟೆ.

ಭಾಯಿಯ ಶೆಡ್ಡಿಗೆ ಮತ್ತೆ ಹೋದೆ. ಅವರು ಕಾರನ್ನು ಕಲ್ಕುಣಿಕೆಯವರೆಗೆ ಓಡಿಸಿಕೊಂಡು ಬಂದು ಕೈ ಒರೆಸಿಕೊಂಡರು.

"ಗಾಡೀಲಿ ಏನೂ ಕಂಪ್ಲೇಂಟಿಲ್ಲ ಟೀಚರಮ್ಮ. ನಿಮ್ಮ ಅಮ್ಮನ್ಗೇ ಒಂದು ಸರ್ವೀಸ್ ಮಾಡ್ಸಿ," ಅಂದರು.

ನಗು ಬರಲಿಲ್ಲ. ಕೀ ಇಸಿದುಕೊಂಡು ಹೊರಟುಬಂದೆ.

ಆ ವಾರ ತವರೂರಿನಿಂದ ಚಿಕ್ಕಪ್ಪನ ಮಗ ಫೋನು ಮಾಡಿದ. ಮಾತಿನ ನಡುವೆ, "ದೊಡ್ಡವ್ವನ್ನ ಮೊನ್ನೆ ಪಿರಿಯಾಪಟ್ಟಣದ ಗೃಹಪ್ರವೇಶಕ್ಕೆ ಕರ್ಕೊಂಡೋಗಿದ್ದೆ ಕಣಕ್ಕ. ಹೋಗ್ತಾ ಬರ್ತಾ ಕಳ್ಳೆಪುರಿ ತಿನ್ಕೊಂಡು ಕತೆ ಹೇಳ್ಕೊಂಡು ಕೂತಿದ್ರು," ಅಂದ. ಅವನದೂ ನನ್ನಂಥದೇ ಕಾರು. ಅದೇ ಕಂಪನಿ, ಅದೇ ಮಾಡೆಲ್ಲು. ನನಗೆ ಹೊಟ್ಟೆ ಉರಿದುಹೋಯಿತು. ಅವನ ಕಾರಿನಲ್ಲಿ ಕಳ್ಳೆಪುರಿ, ನನ್ನ ಕಾರಿನಲ್ಲಿ ವಾಂತಿ! ಭಾನುವಾರವೇ ತವರಿಗೆ ಹೋದೆ. ಅವ್ವ ಪಡಸಾಲೆಯಲ್ಲಿ ಮೊರ ಹಿಡಿದುಕೊಂಡು, ಕಾಣದ ಕಣ್ಣಲ್ಲಿ ಬೆರಳಿನಿಂದಲೇ ಅಕ್ಕಿಯ ಕಲ್ಲು ಹುಡುಕುತ್ತಿದ್ದಳು.

"ನನ್ ಕಾರೇ ಆಗ್ಬರಲ್ವ ನಿಂಗೆ? ಇಲ್ಲ ನಾನೇ ಆಗ್ಬರಲ್ವ?" ಅಂದೆ. ಜೋರು ಮಾಡಬೇಕೆಂದು ಹೋದವಳಿಗೆ ಅಳು ಬಂದುಬಿಟ್ಟಿತು.

ಅವ್ವ, ನನ್ನ ತಮ್ಮನ ಹೆಂಡತಿ ಒಳಗಿದ್ದಾಳೋ ಅಂತ ಒಂದು ಸಲ ಆಲಿಸಿದಳು. ಮೊರ ಕೆಳಗಿಟ್ಟಳು.

"ಗಾಡೀದೂ ಅಲ್ಲ, ನಿಂದೂ ಅಲ್ಲ ಕಣವ್ವ. ನಿಮ್ಮತ್ತೆ ಮುಂದ್ಗಡೆ ಗಾಜಿನ ತಾವು ಮಡ್ಗವ್ರಲ್ಲ, ಆ ಸೊಪ್ಪು. ನೀನು ಫ್ಯಾನ್ ಹಾಕ್ದೇಟ್ಗೆ ಅದರ ಘಾಟೆಲ್ಲ ಬಂದು ಮಕಕ್ಕೆ ಒಡೀತದೆ. ತಡಿಯಕ್ಕಾಗಕಿಲ್ಲ."

ಹೌದಲ್ಲ, ಬ್ಲೋವರ್ ಗಾಳಿ ಎಳೆದುಕೊಳ್ಳುವುದೇ ಆ ಸಂದಿಯಿಂದ! ಎದ್ದು ಹೋಗಿ ಕಾರಿನ ಬಾಗಿಲು ತೆಗೆದು ಮೂಸಿದೆ. ಸತ್ಯವಾಗಿ ಹೇಳುತ್ತೇನೆ, ನನಗೆ ಏನೂ ವಾಸನೆ ಬರಲಿಲ್ಲ. ಸೊಪ್ಪಿನ ಮನೆಯಲ್ಲಿ ಬಾಳಿ ಬಾಳಿ ನನ್ನ ಮೂಗಿಗೆ ಅದು ಗಾಳಿಯಷ್ಟೇ ಸಹಜವಾಗಿಬಿಟ್ಟಿತ್ತು. ಗಂಡನಿಗೂ ಹಾಗೇ, ಭಾಯಿಗೂ ಹಾಗೇ.

"ಮೊದಲನೇ ದಿನವೇ ಯಾಕವ್ವ ಹೇಳಲಿಲ್ಲ?"

"ಯೋಳುದ್ರೆ? ನಿನ್ ಮದ್ವೇಲಿ ನಮ್ಮೋರ್ ಯಾರೋ ಮೂಗ್ ಮುಚ್ಕಂಡಿದ್ಕೆ ನೀನು ಇವತ್ಗಂಟ ಅನ್ನುಸ್ಕತಾ ಇದ್ದೀಯ. ಇನ್ನ ಎತ್ತೋಳು ನಾನೇ ಮುಚ್ಕಂಡ್ರೆ? ಅಲ್ಲಿ ಬಾಳೋಳು ನೀನು."

ಅದು ನಿಜ. ಮದುವೆ ಮುಗಿಸಿ ನನ್ನನ್ನು ಬಿಡಲು ಬಂದ ನಮ್ಮ ಕಡೆಯ ಹೆಂಗಸೊಬ್ಬಳು, ಅತ್ತೆಯ ಅಂಗಳದಲ್ಲಿ ಕಾಲಿಡುತ್ತಲೇ ಸೆರಗಿನಿಂದ ಮೂಗು ಮುಚ್ಚಿ 'ಉಸ್ಸಪ್ಪಾ, ಏನ್ ಘಾಟು' ಅಂದಿದ್ದಳು. ಅತ್ತೆ ಅದನ್ನು ಮರೆಯಲೇ ಇಲ್ಲ. ಸಿಟ್ಟು ಬಂದಾಗಲೆಲ್ಲ, "ನಾವು ಬುಡವ್ವ, ಸೊಪ್ಪಿನೋರು. ಭತ್ತದ ಸೀಮೆಯೋರ ಮೂಗಿಗೆ ಆಗ್ಬರಕಿಲ್ಲ," ಅಂತ ಒಂದು ಮಾತು ಎಸೆಯುತ್ತಿದ್ದರು. ಅವ್ವ ನಮ್ಮ ಮನೆಗೆ ಬಂದಾಗಲೆಲ್ಲ ಜಗುಲಿಯಲ್ಲೇ ಕೂತು ಸಂಜೆ ಬಸ್ಸಿಗೆ ಹೊರಟುಬಿಡುತ್ತಿದ್ದಳು. ಅದು ಅವಳ ಸಂಕೋಚ ಅಂದುಕೊಂಡಿದ್ದೆ.

"ಆಪರೇಷನ್ ಆದ ಮೇಲೂ ಬಸ್ಸಲ್ಲೇ ಬರ್ತಿದ್ದೆಯಾ?" ಅಂತ ಕೇಳಿದೆ.

"ಊಂ. ಕಂಬಿ ಹಿಡ್ಕಂಡು ಮೆಲ್ಗೆ ಬತ್ತಿದ್ದೆ," ಅಂದಳು.

ನಾನು ಅವಳ ತೊಡೆಯ ಮೇಲೆ ತಲೆ ಇಟ್ಟು ಚಿಕ್ಕ ಹುಡುಗಿಯ ಹಾಗೆ ಅತ್ತುಬಿಟ್ಟೆ. ಯಾರಿಗೂ ಹೇಳಬೇಡ ಅಂತ ನನ್ನಿಂದ ಆಣೆ ಹಾಕಿಸಿಕೊಂಡಳು. ಹಾಕಿದೆ. ಕಳ್ಳತನದಲ್ಲಿ ಸೊಪ್ಪು ತೆಗೆದುಬಿಡೋಣ ಅಂದುಕೊಂಡರೆ, ವಾರ ವಾರ ಬಾನೆಟ್ ಎತ್ತಿಸಿ ನೋಡುವವರು ಅತ್ತೆಯೇ. ನನ್ನ ನಾಲಿಗೆಯೂ ಹಿಡಿತದಲ್ಲಿ ನಿಲ್ಲುವಂಥದ್ದಲ್ಲ. ಆಣೆ ಆವತ್ತಿನ ಸಂಜೆಗೇ ಮುರಿದುಹೋಯಿತು.

ಅದು ಹಸಿ ಸೊಪ್ಪು ಮುರಿಯುವ ಕಾಲ. ಅಂಗಳದಲ್ಲಿ ಅತ್ತೆ ಆಳುಗಳ ಜೊತೆ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ಆಳುಗಳು ಹೋಗುವವರೆಗೆ ಕಾದು, ಎದುರು ಕೂತು, ಒಂದೇ ಉಸಿರಿಗೆ ಎಲ್ಲ ಹೇಳಿದೆ. ಕೊನೆಗೆ, "ನೀವು ಏನಾದ್ರೂ ಅನ್ಕೊಳಿ ಅತ್ತೆಮ್ಮ. ನನ್ನವ್ವನಿಗೆ ಇರೋದು ಒಂದೇ ಕಣ್ಣು," ಅಂದೆ. ಅತ್ತೆ ಕೈ ನಿಲ್ಲಿಸಲಿಲ್ಲ. ಕಡ್ಡಿ ಪೂರ್ತಿ ಕಟ್ಟಿ ಎದ್ದು ಹೋದರು. ಊಟಕ್ಕೂ ನನ್ನ ಜೊತೆ ಕೂರಲಿಲ್ಲ. ಇನ್ನು ಜೀವಮಾನವಿಡೀ ಇದನ್ನೇ ಕೇಳುವುದು ನನ್ನ ಹಣೆಬರಹ ಅಂದುಕೊಂಡು ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಬಾನೆಟ್ ತೆರೆದಿತ್ತು. ಅತ್ತೆ ಸೀರೆ ಎತ್ತಿ ಕಟ್ಟಿಕೊಂಡು, ಪಾತ್ರೆ ಉಜ್ಜುವ ಬ್ರಷ್ಷಿಗೆ ಸೋಪು ಹಚ್ಚಿ, ಗಾಜಿನ ಬುಡದ ಸಂದಿಯನ್ನು ತಿಕ್ಕುತ್ತಿದ್ದರು. ಸೊಪ್ಪು ಅಲ್ಲಿರಲಿಲ್ಲ.

"ನೋಡ್ತಾ ನಿಂತ್ಕಂಡ್ರೆ? ನೀರ್ ತತ್ತಾ," ಅಂದರು ಗದರಿಸಿ. ನೀರು ತಂದುಕೊಟ್ಟೆ. ತಲೆ ಎತ್ತದೆಯೇ, "ಅಷ್ಟ್ ಸಂಕಟ ಆಯ್ತಿದ್ರೂ ಒಂದ್ ಮಾತು ಆಡ್ನಿಲ್ವಲ್ಲೇ ನಿಮ್ಮವ್ವ! ನಾನೇನು ರಾಕ್ಷಸೀನಾ?" ಅಂದರು. ನಾನು ಇನ್ನೊಂದು ಚೊಂಬು ನೀರು ಹೊಯ್ದೆ.

ಆಮೇಲೆ ನನ್ನಿಂದ ಭಾಯಿಗೆ ಫೋನು ಮಾಡಿಸಿದರು. ವಿಷಯ ಕೇಳಿ ಭಾಯಿ, "ಯಾ ಅಲ್ಲಾ! ಹುಣಸೂರಲ್ಲಿ ಎಲ್ಲಾರ ಗಾಡೀಲೂ ಸೊಪ್ಪು ಐತೆ ಟೀಚರಮ್ಮ, ನನ್ನ ಗಾಡೀಲೂ ಐತೆ. ಅದಕ್ಕೊಂದು ವಾಸ್ನೆ ಐತೆ ಅಂತ್ಲೇ ನಂಗೆ ಹೊಳೀಲಿಲ್ಲ," ಅಂತ ಪೇಚಾಡಿಕೊಂಡರು. ಸೊಪ್ಪಿಲ್ಲದೆ ಇಲಿಗೆ ಏನು ಮಾಡುವುದು ಅಂತ ಅತ್ತೆ ಕೇಳಿದ್ದಕ್ಕೆ, ಸಂಜೆಯಾಗುತ್ತಲೇ ಬಾನೆಟ್ ತೆರೆದಿಟ್ಟು ಒಳಗೊಂದು ಬಲ್ಬು ಉರಿಸಿ, ಬೆಳಕಿದ್ದ ಕಡೆ ಇಲಿ ಗೂಡು ಕಟ್ಟುವುದಿಲ್ಲ ಅಂದರು.

ಅಂದಿನಿಂದ ಸಂಜೆ ದೀಪ ಹಚ್ಚಿದ ಕೂಡಲೇ ಅತ್ತೆ ಬಂದು ಬಾನೆಟ್ ಎತ್ತಿ ಕಡ್ಡಿ ಕೊಟ್ಟು ನಿಲ್ಲಿಸಿ ಬಲ್ಬು ತೂಗುಹಾಕುತ್ತಿದ್ದರು. ಬೀದಿಗೆ ಮುಖ ಮಾಡಿ ಕಾರು ಬಾಯಿ ತೆರೆದುಕೊಂಡು ನಿಂತಿರುತ್ತಿತ್ತು. ಹೋಗುವವರು ಬರುವವರೆಲ್ಲ ನಿಂತು, ಏನಕ್ಕ ಗಾಡಿ ಕೆಟ್ಟೋಯ್ತಾ ಅಂತ ಕೇಳುವವರೇ. ಅತ್ತೆ, "ನಿಂಗ್ಯಾಕ್ಲಾ? ನಿನ್ ದಾರಿ ನೋಡ್ಕಂಡ್ ನಡಿ," ಅಂತ ಎಲ್ಲರನ್ನೂ ಸಾಗಹಾಕುತ್ತಿದ್ದರು.

ಆಪರೇಷನ್ ದಿನ ಬಂತು. ಅವ್ವ ಮುಂದಿನ ಸೀಟಿನಲ್ಲಿ ಕೂತಳು. ನಾನು ಏಸಿ ಹಾಕಿ ಅವಳ ಮುಖವನ್ನೇ ನೋಡಿದೆ. ಅವ್ವ ಒಂದು ಸಲ ಉಸಿರೆಳೆದು ನನ್ನ ಕಡೆ ತಿರುಗಿದಳು.

"ಯೋಳ್ಬುಟ್ಟೆ ಅಲ್ವಾ?"

"ಹೇಳಿಬಿಟ್ಟೆ."

ಮೈಸೂರಿನವರೆಗೂ ಅವಳು ಬೈಯುತ್ತಲೇ ಬಂದಳು. ವಾಂತಿ ಮಾತ್ರ ಮಾಡಲಿಲ್ಲ. ಬೈಗುಳ ಕೇಳಿ ನನಗೆ ಅಷ್ಟು ಸಂತೋಷ ಹಿಂದೆಂದೂ ಆಗಿರಲಿಲ್ಲ.

ಆಪರೇಷನ್ ಸುಸೂತ್ರವಾಯಿತು. ಮಾರನೆಯ ದಿನವೇ ಪಟ್ಟಿ ಬಿಚ್ಚಿಸಲು ಮತ್ತೆ ಬರಬೇಕಿದ್ದರಿಂದ ಸಂಜೆ ಅವ್ವನನ್ನು ನಮ್ಮ ಮನೆಗೇ ಕರೆತಂದೆ. ಅಂಗಳಕ್ಕೆ ಕಾರು ತಿರುಗಿಸಿದವಳು ಬೆರಗಾದೆ. ಒಂದು ಎಲೆ ಸೊಪ್ಪೂ ಕಣ್ಣಿಗೆ ಬೀಳಲಿಲ್ಲ. ಅತ್ತೆ ಕಟ್ಟುವ ಕೆಲಸವನ್ನೆಲ್ಲ ಹೊಲದಾಚೆ, ಸೊಪ್ಪು ಬೇಯಿಸುವ ಬ್ಯಾರನ್ ಹತ್ತಿರಕ್ಕೆ ಸಾಗಿಸಿಬಿಟ್ಟಿದ್ದರು. ಅಂಗಳ ಸಾರಿಸಿತ್ತು. ಅತ್ತೆ ಮಾತ್ರ ದೂರದಲ್ಲಿ, ಬೇಲಿಯ ಪಕ್ಕ ನಿಂತಿದ್ದರು. ಆಗಷ್ಟೇ ಬ್ಯಾರನ್ ಕಡೆಯಿಂದ ಬಂದಿದ್ದರು, ಹಸಿ ಸೊಪ್ಪಿನ ಅಂಟಿನಿಂದ ಎರಡೂ ಕೈ ಕರ್ರಗಾಗಿತ್ತು. ನಾನು ಕರೆದರೆ, ಬೇಡ ಬೇಡ ಅಂತ ಸನ್ನೆ ಮಾಡಿದರು.

ಒಂದು ಕಣ್ಣಿಲ್ಲ, ಇನ್ನೊಂದಕ್ಕೆ ಪಟ್ಟಿ. ಅವ್ವ ಕಾರಿನಿಂದ ಕಾಲು ಕೆಳಗಿಟ್ಟು ಹಾಗೇ ಕೂತಳು. ಆಮೇಲೆ ಬೇಲಿಯ ಕಡೆಗೆ ಮುಖ ತಿರುಗಿಸಿದಳು.

"ಅಕ್ಕ, ಯಾಕೆ ಅಲ್ಲೇ ನಿಂತ್ಕಂಡ್ರಿ? ಬನ್ನಿ."

ಅತ್ತೆ ಬೆಚ್ಚಿದರು. "ನಾನಿಲ್ಲಿರೋದು ನಿಮ್ಗೆಂಗ್ ಗೊತ್ತಾಯ್ತವ್ವ?"

"ವಾಸ್ನೆ," ಅಂದಳು ಅವ್ವ.

ಆಯಿತು, ಎಲ್ಲ ಕೆಟ್ಟಿತು ಅಂದುಕೊಂಡೆ. ಅತ್ತೆ ನಗಲಿಕ್ಕೆ ಶುರುಮಾಡಿದರು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ. ಅವ್ವನಿಗೂ ನಗು ಬಂತು. ನಗುವಾಗ ಕಣ್ಣಿಗೆ ಏನಾದರೂ ಆದೀತು ಅಂತ ನಾನು ಇಬ್ಬರನ್ನೂ ಗದರಿಸಿದೆ. "ಕಣ್ಣು ಕಟ್ಟವ್ರೆ, ಒಳಕ್ಕೆ ಕರ್ಕಂಡೋಗೋರು ಯಾರು? ಕೈ ಕೊಡಿ," ಅಂತ ಅವ್ವ ಕೈ ಚಾಚಿದಳು. ಅತ್ತೆ ಸೀರೆಗೆ ಒರೆಸಿದಷ್ಟು ಒರೆಸಿ, ಅಂಟು ಹೋಗದ ಆ ಕೈಯನ್ನೇ ಕೊಟ್ಟರು.

ನಾನು ಸಾಮಾನು ಇಳಿಸಿ, ಅಡುಗೆ ನೋಡಿಕೊಳ್ಳುವ ಗಡಿಬಿಡಿಯಲ್ಲಿ ಕಾರನ್ನು ಮರೆತೇಬಿಟ್ಟಿದ್ದೆ. ಹೊರಗೆ ಬಂದಾಗ ಬಾನೆಟ್ ಎತ್ತಿತ್ತು, ಬಲ್ಬು ಉರಿಯುತ್ತಿತ್ತು. ಹಾಲಿನ ಕ್ಯಾನು ಹಿಡಿದುಕೊಂಡು ಡೇರಿಗೆ ಹೋಗುತ್ತಿದ್ದವನೊಬ್ಬ ನಿಂತು, "ಏನಕ್ಕ, ಇವತ್ತೂ ಕೆಟ್ಟೋಯ್ತಾ ಗಾಡಿ?" ಅಂತ ಕೇಳಿದ.

ಅತ್ತೆ ಅವನನ್ನು ಬೈಯಲಿಲ್ಲ. ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು:

"ಕೆಟ್ಟಿಲ್ಲ ಕಣ್ಲಾ. ನಾಳೀಕೆ ನಮ್ ಬೀಗ್ತಿ ಕೂತ್ಕಬೇಕು ಇದ್ರಲ್ಲಿ."