ಕಿರುಬೆರಳಿನ ಲೆಕ್ಕ

ಮೊನ್ನೆ ನವುಲೆಯ ಶಾಲೆಯೊಂದರಲ್ಲಿ ನಮ್ಮ ಮಕ್ಕಳ ನಾಟಕದ ತಾಲೀಮು ನಡೆಯುತ್ತಿತ್ತು. ಹೇಗೆ ಹಿಡಿಸುತ್ತದೆ ನೋಡೋಣವೆಂದು ಒಂದನೇ ಕ್ಲಾಸಿನ ಮಕ್ಕಳನ್ನು ಕರೆಸಿ ಜಮಖಾನದ ಮೇಲೆ ಕೂರಿಸಿದ್ದೆವು. ಕಥೆ ಇನ್ನೇನು ಕಾವೇರಬೇಕು, ಮುಂದಿನ ಸಾಲಿನಲ್ಲಿ ಎರಡು ಜುಟ್ಟಿನ ಹುಡುಗಿಯೊಬ್ಬಳು ಕಿರುಬೆರಳು ಎತ್ತಿದಳು. ಒಂದಕ್ಕೆ ಹೋಗಬೇಕು ಎನ್ನುವುದಕ್ಕೆ ನಮ್ಮ ಶಾಲೆಗಳಲ್ಲಿ ಇದಕ್ಕಿಂತ ಹೆಚ್ಚಿನ ಭಾಷೆ ಬೇಕಿಲ್ಲ. ನೀವೂ ಎತ್ತಿದವರೇ, ನಾಚಿಕೆ ಬೇಡ. ನನ್ನ ಕೈಯಂತೂ ತಾನಾಗಿಯೇ ಪೆನ್ಸಿಲ್ ಹುಡುಕಿತು, ಆ ದೃಶ್ಯದ ಪಕ್ಕದಲ್ಲಿ ಕತ್ತರಿ ಗುರುತು ಹಾಕಲು. ಈ ಚಾಳಿ ಕಲಿಸಿದವರು ಶೇಖರಪ್ಪ ಸರ್.

ಸರ್ ಶಿವಮೊಗ್ಗದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಆಲ್ಕೊಳದ ಅವರ ಮನೆಯ ಮಹಡಿಯ ಮೇಲೆ ಶೀಟು ಹೊದಿಸಿದ ಒಂದು ಕೋಣೆಯಿತ್ತು. ಅವರ ಮಕ್ಕಳ ನಾಟಕ ತಂಡದ ತಾಲೀಮೆಲ್ಲ ಅಲ್ಲೇ. ನಾನಾಗ ಆಯನೂರಿನ ಶಾಲೆಯಲ್ಲಿ ಹೊಸ ಟೀಚರ್. ಸಂಜೆ ಬಸ್ಸಿಳಿದವಳೇ, ತಿದ್ದಬೇಕಾದ ನೋಟ್‌ಬುಕ್ಕುಗಳ ಚೀಲದ ಸಮೇತ ಮಹಡಿ ಹತ್ತಿ ಕರಡಿಯಾಗುತ್ತಿದ್ದೆ. ಕರಡಿ ಎಂದರೆ ಒಂದು ಕರಿ ಕಂಬಳಿ, ಗೋಣಿಚೀಲದ ಎರಡು ಕಿವಿ. "ಇಷ್ಟೇ ಸಾಕು, ಉಳಿದದ್ದು ನಿನ್ನ ಹತ್ರಾನೇ ಇದೆ" ಎಂದು ನಮ್ಮಣ್ಣ ಹೇಳಿದ್ದ. ಅವನ ಮಾತಿಗೆ ಬೆಲೆ ಕೊಡುವವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಪ್ರದರ್ಶನದ ದಿನ ಸರ್ ವೇದಿಕೆಗೆ ಬೆನ್ನು ಹಾಕಿ, ಮಕ್ಕಳಿಗೆ ಎದುರಾಗಿ ಕೂರುತ್ತಿದ್ದರು. ನಾಟಕ ಕಾಣುವುದು ಮಕ್ಕಳ ಮುಖದಲ್ಲಿ, ನಿಮ್ಮನ್ನೇನು ನೋಡುವುದಿದೆ ಎನ್ನುವುದು ಅವರ ವಾದ. ಜುಬ್ಬದ ಎಡ ಜೇಬಿನಲ್ಲಿ ಒಂದು ಹಿಡಿ ಹುಣಸೆಬೀಜ. ಒಂದು ಕಿರುಬೆರಳು ಎದ್ದರೆ ಒಂದು ಬೀಜ ಬಲ ಜೇಬಿಗೆ. ಪ್ರತಿ ದೃಶ್ಯ ಮುಗಿದಾಗಲೂ ಎಣಿಸಿ ಬರೆದುಕೊಳ್ಳುತ್ತಿದ್ದರು. ಹಿಡಿಸಿದ ಕಥೆ ಬಿಟ್ಟು ಯಾವ ಮಗುವೂ ಒಂದಕ್ಕೆ ಏಳುವುದಿಲ್ಲ, ಬೀಜ ಹೆಚ್ಚಾದ ದೃಶ್ಯ ಕೆಟ್ಟ ದೃಶ್ಯ. ಇದಕ್ಕೆ ಅಪೀಲಿಲ್ಲ.

ಅತಿ ಹೆಚ್ಚು ಬೀಜ ಬೀಳುತ್ತಿದ್ದುದು ನನ್ನ ದೃಶ್ಯಕ್ಕೆ. ಕರಡಿ ಅಜ್ಜಿ ತನ್ನ ಮನೆಯ ದಾರಿ ಮರೆತು, ಮರದ ಕೆಳಗೆ ಕೂತು, ಮನೆಯಲ್ಲಿ ಏನೇನಿತ್ತು ಎಂದು ಒಂದೊಂದಾಗಿ ನೆನಪಿಸಿಕೊಳ್ಳುತ್ತಾಳೆ. ಕುಣಿತವಿಲ್ಲ, ಹಾಡಿಲ್ಲ. ಬರೆದವಳು ನಾನೇ. ನಮ್ಮಜ್ಜಿ ಕೊನೆಕೊನೆಗೆ ನಮ್ಮ ಮನೆಯ ನಡುಮನೆಯಲ್ಲೇ ಕೂತು "ನನ್ನ ಮನೆಗೆ ಕರ್ಕೊಂಡು ಹೋಗ್ರೇ" ಎಂದು ಅಳುತ್ತಿದ್ದಳು. ನಮಗೆ ಸಮಾಧಾನ ಮಾಡಲು ಬರಲಿಲ್ಲ. ನಾಟಕದಲ್ಲಾದರೂ ಅವಳನ್ನು ಮನೆ ಮುಟ್ಟಿಸಬೇಕೆಂದು ನನ್ನ ಆಸೆ.

ಸಿಂಹದ ಪಾತ್ರದ ಮುರುಗೇಶ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನವನು, ಬಾಯಿಗೆ ಬೀಗವಿಲ್ಲದವನು. "ಅಕ್ಕಾ, ನಿಮ್ ಸೀನ್ ಬಂದ್ರೆ ಇಂಟರ್‌ವೆಲ್ ಬೆಲ್ ಹೊಡ್ದಂಗೆ" ಎಂದು ನಗುತ್ತಿದ್ದ. ಮೂರನೇ ಪ್ರದರ್ಶನದ ಮೇಲೆ ಸರ್ ನನ್ನನ್ನು ಪಕ್ಕಕ್ಕೆ ಕರೆದರು. "ನೋಡು ಮಾರಾಯ್ತಿ, ನಿನ್ನ ಸಂಕಟ ನಂಗೆ ಅರ್ಥ ಆಗುತ್ತೆ. ಮಕ್ಕಳಿಗೆ ಆಗ್ಬೇಕಲ್ಲ? ಮುಂದಿನ ಶೋ ಭದ್ರಾವತೀಲಿ, ಅಲ್ಲೂ ಬೆರಳೆದ್ರೆ ಅಜ್ಜೀನ ತೆಗೀತೀನಿ."

ಮನುಷ್ಯ ಎಷ್ಟು ಕೆಳಗಿಳಿಯಬಹುದು ಎಂದು ನನಗೆ ಗೊತ್ತಾದದ್ದು ಭದ್ರಾವತಿಯ ಆ ಶಾಲೆಯಲ್ಲಿ. ನಾಟಕಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ನಾನು ಕಂಬಳಿ ಹೊದ್ದುಕೊಂಡೇ ಅಂಗಳಕ್ಕೆ ಹೋಗಿ, ಟೀಚರ್ ಗತ್ತಿನಲ್ಲಿ ಅಷ್ಟೂ ಮಕ್ಕಳನ್ನು ಶೌಚಾಲಯದ ಮುಂದೆ ಸಾಲು ನಿಲ್ಲಿಸಿದೆ. ಕರಡಿ ಹೇಳಿದ ಮೇಲೆ ಇಲ್ಲ ಎನ್ನುವ ಮಗು ಯಾವುದು? ಸಾಲು ಪೂರ್ತಿ ಮುಗಿಯುವ ಮೊದಲೇ ಗಂಟೆ ಹೊಡೆಯಿತು, ಬಾಲದಲ್ಲಿದ್ದವರು ಹಾಗೆಯೇ ಒಳಗೆ ಓಡಿದರು.

ನನ್ನ ದೃಶ್ಯ ಬಂತು. ಮರದ ಕೆಳಗೆ ಕೂತೆ. "ನನ್ನ ಮನೇಲಿ ಒಂದು ಒರಳಿತ್ತು, ಅದರ ಪಕ್ಕ ಒಂದು ಬೆಕ್ಕಿತ್ತು" ಎಂದು ಶುರು ಮಾಡಿದೆ. ಒಂದು ಬೆರಳೂ ಇಲ್ಲ! ಒಳಗೊಳಗೇ ಹಿಗ್ಗುತ್ತಿರುವಾಗ ಗೋಡೆ ಪಕ್ಕದಲ್ಲಿ ಒಬ್ಬಳು ಎದ್ದು ನಿಂತಳು. ಕಾಲಿಗೆ ಕಾಲು ಹೆಣೆದುಕೊಂಡು, ಕಿರುಬೆರಳು ಮೇಲೆ. ಅವಳ ಟೀಚರ್ ಹೋಗು ಎಂದು ಸನ್ನೆ ಮಾಡಿದರು. ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಬೆರಳು ಮಾತ್ರ ಇಳಿಸಲಿಲ್ಲ, ಕಣ್ಣು ನನ್ನ ಮೇಲಿಂದ ತೆಗೆಯಲಿಲ್ಲ. ಸಿಂಹ ಬಂದು ಅಜ್ಜಿಯ ಕೈ ಹಿಡಿದು ಮನೆ ಬಾಗಿಲಿಗೆ ತಲುಪಿಸುವ ಹೊತ್ತಿಗೆ, ಪಾಪ, ಅವಳಿಗೆ ನಿಂತಲ್ಲೇ ಆಗಿಹೋಗಿತ್ತು.

ನಾಟಕ ಮುಗಿದ ಮೇಲೆ ಟೀಚರ್ ಗದರುತ್ತಿದ್ದರು. "ಹೋಗು ಅಂದ್ರೂ ಯಾಕೆ ಹೋಗ್ಲಿಲ್ಲ?"

ಹುಡುಗಿ ಬಿಕ್ಕುತ್ತ ಹೇಳಿದಳು: "ಅಜ್ಜಿಗೆ ಮನೆ ಸಿಕ್ಕಿರ್ಲಿಲ್ವಲ್ಲ ಮಿಸ್, ಹೆಂಗೆ ಹೋಗ್ಲಿ?"

ಮುರುಗೇಶ ತನ್ನ ಸಿಂಹದ ಹಳದಿ ಶಾಲು ತೆಗೆದು ಅವಳ ಸೊಂಟಕ್ಕೆ ಸುತ್ತಿದ. ಸರ್ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಎರಡೂ ಜೇಬಿನ ಹುಣಸೆಬೀಜವನ್ನೆಲ್ಲ ಅವಳ ಬೊಗಸೆಗೆ ಸುರಿದರು. "ತಗೋ ಪುಟ್ಟಿ, ಚೌಕಾಬಾರ ಆಡು. ನಂಗೆ ಇನ್ನು ಬೇಡ."

ನಾನು ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಅಜ್ಜಿ ಉಳಿದದ್ದಕ್ಕೂ ಅತ್ತೆ, ಸಾಲಿನ ಬಾಲದಲ್ಲಿದ್ದವರನ್ನು ನೆನೆದು ನಾಚಿಕೆಗೂ ಅತ್ತೆ. ವಾಪಸ್ ಬರುವಾಗ ವ್ಯಾನಿನಲ್ಲಿ ಸರ್ ಕಿಟಕಿಯ ಕಡೆಗೇ ನೋಡುತ್ತ ಹೇಳಿದರು: "ಮಕ್ಕಳನ್ನ ಕ್ಯೂ ನಿಲ್ಲಿಸಿದ್ದು ನೋಡ್ದೆ ಕಣೇ. ನಾನು ಬೆನ್ನು ಹಾಕೋದು ಸ್ಟೇಜಿಗೆ ಮಾತ್ರ."

ಸರ್ ಈಗಿಲ್ಲ. ನಾಟಕ ಮಾಡಿಸುವಾಗೆಲ್ಲ ನೆನಪಾಗುತ್ತಾರೆ, ಆದರೆ ನನ್ನ ತಲೆಯಲ್ಲಿ ಉಳಿದದ್ದು ಅವರ ಹಳೆಯ ಲೆಕ್ಕ. ಅವರೇ ಅದನ್ನು ಕೈಬಿಟ್ಟದ್ದು ಮರೆತೇಹೋಗಿತ್ತು, ನೋಡಿ. ಮೊನ್ನೆ ನವುಲೆಯಲ್ಲಿ ಅದು ನೆನಪಾಗಿ, ಪೆನ್ಸಿಲ್ ಕೆಳಗಿಟ್ಟು ಎರಡು ಜುಟ್ಟಿನವಳನ್ನು ಕೇಳಿದೆ, "ಅರ್ಜೆಂಟಾ?"

"ಹ್ಞೂ. ಆದ್ರೆ ನೀವು ಮುಂದೆ ಮಾಡ್ಬಿಡ್ತೀರ."

"ಮಾಡಲ್ಲ. ಹೋಗ್ಬಾ."

ಎಲ್ಲರಿಗೂ ಇದ್ದಲ್ಲೇ ನಿಲ್ಲಲು ಹೇಳಿದೆ. ನರಿ ಎತ್ತಿದ ಕಾಲು ಎತ್ತಿಕೊಂಡೇ ನಿಂತಿತು, ಮೊಲ ಬಾಯಿ ತೆರೆದುಕೊಂಡೇ ನಿಂತಿತು. ಹುಡುಗಿ ಓಡಿಹೋಗಿ ಓಡಿಬಂದಳು. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ತನ್ನ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಎಲ್ಲರೂ ಇದ್ದಾರೆಯೇ ಎಂದು ಒಮ್ಮೆ ನೋಡಿದಳು.

"ಹ್ಞೂ, ಈಗ ಮಾಡಿ" ಎಂದಳು.