ಲಿಪೊವೊ ಕ್ಲಬ್ಬಿನ ಮ್ಯಾನೇಜರ್

ಬಸ್ ಡ್ರೈವರ್ ತ್ಸಾಂಕೋ ಸಂಜೆ ತನ್ನ ಮದುವೆಯ ಕೋಟು ತೊಟ್ಟು ಕಂಪ್ಯೂಟರಿನ ಮುಂದೆ ಕೂತನೆಂದರೆ, ಅದರೊಳಗಿನ ಫುಟ್‌ಬಾಲ್ ಆಟದಲ್ಲಿ ಅವನು ತನ್ನೂರು ಲಿಪೊವೊದ ಮೂರನೇ ದರ್ಜೆಯ ಕ್ಲಬ್ಬಿಗೆ ಮ್ಯಾನೇಜರ್. ಗೋಲು ತಪ್ಪಿದರೆ "ನಮ್ಮಜ್ಜಿ ಹೊಡೆದ್ರೂ ಹೋಗ್ತಿತ್ತಲ್ಲೋ!" ಎಂದು ಪರದೆಗೆ ಬೈಯುತ್ತಾನೆ, ಮರುದಿನ ಅದೇ ಆಟಗಾರನ ಮಂಡಿನೋವು ಹೇಳಿಕೊಂಡು ಪ್ರಯಾಣಿಕರೆದುರು ಮರುಗುತ್ತಾನೆ. ವರ್ಷಕ್ಕೊಮ್ಮೆ ಆಟದ ಹೊಸ ಆವೃತ್ತಿ ಬಂದಾಗ ಮಾತ್ರ ಲಿಪೊವೊ ಈ ಸಲವೂ ಇದೆಯೋ ಇಲ್ಲವೋ ಎಂದು ತಂಡಗಳ ಪಟ್ಟಿಯ ಮೇಲೆ ಬೆರಳಾಡಿಸುತ್ತಾನೆ. "ಇದ್ಯಾ ತ್ಸಾಂಕೋ?" ಎಂದು ಹೆಂಡತಿ ರುಮ್ಯಾನಾ ಮೆಣಸಿನಕಾಯಿ ಸುಡುವುದನ್ನು ಬಿಟ್ಟು ಓಡಿಬರುತ್ತಾಳೆ. "ಇದೆ ಕಣೇ, ಬದುಕಿದ್ವಿ!" ಎಂದು ಅವನು ನಿರಾಳವಾದರೆ, ಅವನಿಗಿಂತ ದೊಡ್ಡ ಉಸಿರು ಬಿಡುವವಳು ಅವಳು. ಊರಿನ ನಿಜವಾದ ಕ್ಲಬ್ಬು ಮುಚ್ಚಿ ಒಂಬತ್ತು ವರ್ಷವಾಯಿತು, ಮೈದಾನದಲ್ಲೀಗ ಎಲೆಕೋಸು ಬೆಳೆಯುತ್ತಾರೆ. ಆದರೂ ಪ್ರತಿವರ್ಷ, ಅವನಿಗೆ ತಿಳಿಯದಂತೆ, ಹನ್ನೊಂದು ಮಂದಿ ಆಟಗಾರರ ಹೆಸರು ಕಲ್ಪಿಸಿ, ಕ್ಲಬ್ಬು ಇನ್ನೂ ಆಡುತ್ತಿದೆಯೆಂದು ಆಟ ತಯಾರಿಸುವವರಿಗೆ ಬರೆದು ಕಳಿಸುವವಳು ಅವಳೇ.