ಹಲಸಿನ ಪದ್ಯದ ಒಂದು ತಪ್ಪು ಸಾಲು

ಎತ್ತರ ಐದಡಿಗೆ ಎರಡಂಗುಲ ಕಮ್ಮಿ. ಸುತ್ತಳತೆ ಲೆಕ್ಕಕ್ಕಿಲ್ಲ. ತೊಗಟೆ ಒರಟು, ಒಳಗಿನ ತಿರುಳು, ಚೇಗು, ಗಟ್ಟಿ. ಚಾಮರಾಜಪೇಟೆಯಲ್ಲಿ ಮರದ ಡಿಪೋ ಇಟ್ಟಿದ್ದ ಕೆಂಚಪ್ಪ, ನಿವೃತ್ತ ಕನ್ನಡ ಟೀಚರ್ ಚೂಡಾಮಣಿ ಅವರನ್ನು ಮೊದಲ ನೋಟಕ್ಕೆ ಅಳೆದದ್ದು ಹೀಗೆ. ಮನುಷ್ಯರನ್ನು ನೋಡಲು ಅವನಿಗೆ ಬೇರೆ ಕಣ್ಣಿರಲಿಲ್ಲ.

ಅದು ೧೯೯೮. ಎನ್.ಆರ್. ಕಾಲೋನಿಯಲ್ಲಿ ಅವರ ಮನೆ ಮುಂದಿನ ಹಲಸಿನ ಮರಕ್ಕೆ ಬಿಳಿ ಬಣ್ಣದಲ್ಲಿ ಕಡಿಯುವ ನಂಬರು ಬಿದ್ದಿತ್ತು. ಒಳಗೆ ಪೊಳ್ಳು, ತಾನಾಗಿ ಬೀಳುವ ಮೊದಲು ಕಡಿಯಬೇಕು ಎಂದು ಕಾರ್ಪೊರೇಷನ್ ಆಫೀಸರು ಬರೆದಾಗಿತ್ತು. ಸೋಮವಾರ ಹರಾಜು. ಕೆಂಚಪ್ಪ ಶನಿವಾರವೇ ಬಂದು ಕೊಡಲಿಯ ಹಿಂಬದಿಯಿಂದ ಕಾಂಡಕ್ಕೆ ಮೂರು ಕಡೆ ಬಡಿದು ಕಿವಿಗೊಟ್ಟ. ಪೊಳ್ಳು ಮರ ಡೋಲಿನಂತೆ ಸದ್ದು ಮಾಡುತ್ತದೆ. ಇದು ಟಣ್ ಎಂದಿತು. ಹತ್ತು ಮನೆಗೆ ಬಾಗಿಲಾಗುವ ಮರ, ಸೌದೆ ರೇಟಿಗೆ! ಅವನು ಬಾಯಿ ಬಿಡಲಿಲ್ಲ.

"ಬನ್ನಿ, ಕಾಫಿ ಕುಡೀರಿ. ಮರ ಕಡಿಯೋರಿಗಾದ್ರೂ ಬಿಸಿಲು ಬಿಸಿಲೇ," ಎಂದು ಚೂಡಾಮಣಿ ಗೇಟಿನಿಂದ ಕರೆದರು. ಕೂರಿಸಿ, ಹೆಸರು ಕೇಳಿ, ಲೋಟ ಕೈಗೆ ಕೊಟ್ಟ ಮೇಲೆ ಹೇಳಿದರು: "ನಾಳೆ ಪರಿಸರ ಕವಿಗೋಷ್ಠಿ. ಈ ಮರದ ಮೇಲೇ ಬರೆದಿದೀನಿ. ಕೇಳ್ತೀರಾ?"

ಕಾಫಿ ಗಂಟಲಿಗಿಳಿದ ಮೇಲೆ ಇಲ್ಲವೆನ್ನುವುದು ಹೇಗೆ? ಹೊಂಗೆಗೂ ಬೇವಿಗೂ ವ್ಯತ್ಯಾಸ ತಿಳಿಯದವರೆಲ್ಲ ಹಸಿರು ಹಸಿರು ಎಂದು ಪದ್ಯ ಕಟ್ಟುತ್ತಿದ್ದ ಕಾಲ. ಇವರದರಲ್ಲಿ ಅಂಟು ಹಾಲು, ಬುಡದಲ್ಲೇ ಬಿಡುವ ಕಾಯಿ, ಇರುವೆ ಸಾಲು ಎಲ್ಲ ಇದ್ದ ಹಾಗೇ ಇದ್ದವು. ಕೆಂಚಪ್ಪ ತಲೆದೂಗುತ್ತಿದ್ದ. ಅಷ್ಟರಲ್ಲಿ ಬಂತು: "ಒಳಗೆಲ್ಲ ಪೊಳ್ಳಾದ ತಾಯಿ, ಹೊರಗೆ ಮಾತ್ರ ನೆರಳು..."

"ಅದೊಂದ್ ತಪ್ಪು ಮೇಡಮ್ಮೋರೇ! ಪೊಳ್ಳಂತೆ ಪೊಳ್ಳು! ಇನ್ನೂ ಐವತ್ ವರ್ಷ ಅಲುಗಾಡಲ್ಲ ಅದು!"

ಹೇಳಿಯಾದ ಮೇಲೆ ನಾಲಿಗೆ ಕಚ್ಚಿಕೊಂಡ.

ಚೂಡಾಮಣಿ ಕನ್ನಡಕ ತೆಗೆದರು. "ಹಾಗಾದ್ರೆ ಸೋಮವಾರ ಆಫೀಸರ್ ಮುಂದೆ ಬಡಿದು ತೋರಿಸಿ."

"ನನ್ ವ್ಯಾಪಾರಕ್ಕೆ ನಾನೇ ಕೊಡ್ಲಿ ಹಾಕ್ಲಾ?"

"ಬೇಡ ಬಿಡಿ. ಸಾಲು ಹಾಗೇ ಇರ್ಲಿ. ಚಾಮರಾಜಪೇಟೆ ಕೆಂಚಪ್ಪನವರು ಪರೀಕ್ಷೆ ಮಾಡಿ ಪೊಳ್ಳು ಅಂದ್ರು ಅಂತ ಸಭೇಲಿ ಹೇಳ್ತೀನಿ."

ನಷ್ಟವಾದರೆ ಮುಂದಿನ ಹರಾಜಿನಲ್ಲಿ ತುಂಬಿಕೊಳ್ಳಬಹುದು. ಮರದ ಸದ್ದು ತಿಳಿಯದವನು ಎಂದು ಹೆಸರಾದರೆ? ಸೋಮವಾರ ಕೆಂಚಪ್ಪ, ಹರಾಜಿಗೆ ಬಂದವರೆಲ್ಲ ಬೈಯುತ್ತಿದ್ದರೂ, ಆಫೀಸರ ಕಿವಿಯನ್ನು ಕಾಂಡಕ್ಕೆ ಆನಿಸಿ ಬಡಿದ. ಹರಾಜು ನಿಂತು, ನಂಬರು ಅಳಿಸಿಹೋಯಿತು.

ಆಮೇಲೆ ಚೂಡಾಮಣಿ ಬರೆದ ಪ್ರತಿ ಪದ್ಯವೂ ಅಚ್ಚಿಗೆ ಹೋಗುವ ಮೊದಲು ಡಿಪೋಗೆ ಬರುತ್ತಿತ್ತು; ಹಲಸಿನ ಕಾಲದಲ್ಲಿ ಜೊತೆಗೆ ಒಂದು ಡಬ್ಬಿ ತೊಳೆಯೂ. ಎಲೆ ತಪ್ಪು, ಹೂವಿನ ತಿಂಗಳು ತಪ್ಪು ಎಂದು ಅವನು ಗೊಣಗುತ್ತಿದ್ದ. ಅವರು ಪೆನ್ಸಿಲಿನಲ್ಲಿ ತಿದ್ದಿಕೊಳ್ಳುತ್ತಿದ್ದರು.

ನಿಂತ ಮರವನ್ನು ಅಡಿ ಲೆಕ್ಕ ಹಾಕದೆ ಸುಮ್ಮನೆ ನೋಡುವುದನ್ನು ಕೆಂಚಪ್ಪ ಕಲಿತದ್ದು ಅವರಿಂದ. ಆ ಋಣ ಅವನ ಮೇಲಿದೆ.